ಹೊಸ ಲವ್‌ಬರ್ಡ್ ಮನೆಗೆ ಬಂದಾಗ: ಮೊದಲ ದಿನದಿಂದ ಕೈಮೇಲೆ ಕೂರುವವರೆಗೆ ಸಮಗ್ರ ಮಾರ್ಗದರ್ಶಿ

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳೋಣ: ನೀವು ತಂದಿರುವುದು ಯಾವ ಹಕ್ಕಿ? ನಮ್ಮ ಊರುಗಳ ಹಕ್ಕಿ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಬಜ್ರಿಗರ್ ಹಕ್ಕಿಯನ್ನು. ಅದು ಆಸ್ಟ್ರೇಲಿಯಾದ ಹಕ್ಕಿ. ಉದ್ದ ಬಾಲ, ಬೆನ್ನಿನ ಮೇಲೆ ಅಲೆಯಂಥ ಗೆರೆ, ಪುಟ್ಟ ಕೊಕ್ಕು, ತೂಕ ಸುಮಾರು 30–40 ಗ್ರಾಂ. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲ, ದುಂಡನೆಯ ಮೈ, ತಲೆಗೆ ಹೋಲಿಸಿದರೆ ದೊಡ್ಡ ಕೊಕ್ಕು, ತೂಕ 45ರಿಂದ 60 ಗ್ರಾಂ. ಅಂಗಡಿಯವರು ಇದನ್ನು ‘ಆಫ್ರಿಕನ್ ಲವ್‌ಬರ್ಡ್’ ಎಂದು ಬೇರೆಯಾಗಿಯೇ ಹೇಳಿ, ಹೆಚ್ಚು ಬೆಲೆಗೆ ಮಾರುತ್ತಾರೆ. ಎರಡಕ್ಕೂ ಪಳಗಿಸುವ ದಾರಿ ಹೆಚ್ಚು ಕಡಿಮೆ ಒಂದೇ. ಆದರೆ ಸ್ವಭಾವ, ಪಂಜರ, ಕಡಿತದ ಬಲ ಬೇರೆ. ಇಲ್ಲಿ ಹೇಳುತ್ತಿರುವುದು ಆಫ್ರಿಕನ್ ಹಕ್ಕಿಯ ವಿಷಯ.

ಲವ್‌ಬರ್ಡ್‌ಗಳಲ್ಲಿ 9 ಜಾತಿಗಳಿವೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಮೂರು: ನಮೀಬಿಯ ಮತ್ತು ಅದರ ಸುತ್ತಲಿನ ಒಣನೆಲದ ಪೀಚ್ ಫೇಸ್, ಟಾಂಜಾನಿಯದ ಫಿಶರ್ಸ್ ಮತ್ತು ಮಾಸ್ಕ್ಡ್. ಕಣ್ಣಿನ ಸುತ್ತ ಎದ್ದು ಕಾಣುವ ಬಿಳಿ ಉಂಗುರವಿದ್ದರೆ ಅದು ಫಿಶರ್ಸ್ ಅಥವಾ ಮಾಸ್ಕ್ಡ್. ಚೆನ್ನಾಗಿ ನೋಡಿಕೊಂಡರೆ 10–15 ವರ್ಷ ಬದುಕುತ್ತವೆ. ಒಂದನೇ ತರಗತಿಯ ಮಗುವಿಗೆಂದು ತಂದ ಹಕ್ಕಿ ಆ ಮಗು ಕಾಲೇಜು ಸೇರುವಾಗಲೂ ಮನೆಯಲ್ಲಿರುತ್ತದೆ. ಇಷ್ಟು ದೀರ್ಘ ಕಾಲ ಜೊತೆಗಿರುವ ಜೀವದೊಂದಿಗೆ ಮೊದಲ ತಿಂಗಳಲ್ಲಿ ಆತುರಪಡಬೇಕಾದ ಅಗತ್ಯವೇ ಇಲ್ಲ.

ನನ್ನ ಮೊದಲ ಲವ್‌ಬರ್ಡನ್ನು ಅಂಗಡಿಯವರು ಬಲೆ ಬೀಸಿ ಹಿಡಿದು, ರಟ್ಟಿನ ಡಬ್ಬಿಗೆ ತುರುಕಿ ಕೊಟ್ಟಿದ್ದರು. ಮನೆಯಲ್ಲಿ ಡಬ್ಬಿ ತೆರೆದಾಗ ಅದು ಮೂಲೆಗೆ ಒತ್ತಿಕೊಂಡು, ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಬೇಗ ಅಭ್ಯಾಸವಾಗಲಿ ಎಂದು ನಾನೂ ದಿನಕ್ಕೆರಡು ಸಲ ಕೈ ಹಾಕಿ ಹಿಡಿದೆ. ಹಿಡಿದಾಗ ಅಲುಗಾಡದೆ ಕೂತಿರುತ್ತಿತ್ತು; ಅದನ್ನು ಪಳಗಿದ ಲಕ್ಷಣವೆಂದು ತಿಳಿದಿದ್ದೆ. ಅದು ಹೆದರಿಕೆಯಿಂದ ಮರಗಟ್ಟಿದ ಹಕ್ಕಿ. ಆ ಒಂದು ವಾರದ ಭಯ ಹೋಗಲು ಮುಂದೆ ಮೂರು ತಿಂಗಳು ಬೇಕಾಯಿತು. ಆದ್ದರಿಂದ ಈ ಬರಹದ ಎಲ್ಲ ಹಂತಗಳ ಹಿಂದೆಯೂ ಇರುವುದು ಒಂದೇ ಮಾತು: ಹಕ್ಕಿಯನ್ನು ಹಿಡಿಯಬೇಡಿ, ಅದು ತಾನಾಗಿ ಬರುವಂತೆ ಮಾಡಿ.

ಕೊಳ್ಳುವಾಗ ನೋಡಬೇಕಾದದ್ದು

ಅಂಗಡಿಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಆರೋಗ್ಯವಂತ ಹಕ್ಕಿ ಓಡಾಡುತ್ತಿರುತ್ತದೆ, ತಿನ್ನುತ್ತಿರುತ್ತದೆ, ನೀವು ಹತ್ತಿರ ಹೋದಾಗ ದೂರ ಸರಿಯುತ್ತದೆ. ಹಗಲಲ್ಲಿ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುವ ಹಕ್ಕಿ ‘ಸಾಧು’ ಅಲ್ಲ, ಕಾಯಿಲೆ ಬಿದ್ದದ್ದು. ಮೂಗಿನ ರಂಧ್ರ ಸ್ವಚ್ಛವಾಗಿರಬೇಕು, ಬಾಲದ ಬುಡದಲ್ಲಿ ಹಿಕ್ಕೆ ಅಂಟಿರಬಾರದು, ಕಾಲ್ಬೆರಳುಗಳು ಪೂರ್ತಿ ಇರಬೇಕು. ಪೀಚ್ ಫೇಸ್ ಮರಿಯ ಕೊಕ್ಕಿನ ಬುಡದಲ್ಲಿ ಕಪ್ಪು ಛಾಯೆಯಿರುತ್ತದೆ, ಮುಖದ ಬಣ್ಣ ಮಾಸಲು. ಕೆಲವು ತಿಂಗಳಲ್ಲಿ ಆ ಕಪ್ಪು ಅಳಿಸಿಹೋಗುತ್ತದೆ. ಆ ಗುರುತಿರುವ, ಆದರೆ ತಾನಾಗಿ ಕಾಳು ಒಡೆದು ತಿನ್ನುವ ಮರಿ ಪಳಗಿಸಲು ಅತ್ಯುತ್ತಮ.

ತಾನಾಗಿ ತಿನ್ನದ ಮರಿಯನ್ನು ‘ನೀವೇ ಸಿರಿಂಜಿನಲ್ಲಿ ಉಣಿಸಿದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ’ ಎಂದು ಕೊಡಲು ಬಂದರೆ ಬೇಡವೆನ್ನಿ. ಉಣಿಸುವ ಹಿಟ್ಟು ಸ್ವಲ್ಪ ಬಿಸಿಯಾದರೂ ಎದೆಚೀಲ (ನುಂಗಿದ ಆಹಾರ ಮೊದಲು ಸೇರುವ ಚೀಲ) ಸುಡುತ್ತದೆ; ಕೊಂಚ ತಪ್ಪಿ ಶ್ವಾಸನಾಳಕ್ಕೆ ಹೋದರೆ ಮರಿ ಉಳಿಯುವುದಿಲ್ಲ. ಅನುಭವವಿಲ್ಲದ ಕೈ ಆ ಕೆಲಸ ಮಾಡಬಾರದು. ತಾಯಿ ಬೆಳೆಸಿದ ಮರಿಯೂ ಪಳಗುತ್ತದೆ, ಕೆಲವು ವಾರ ಹೆಚ್ಚು ಹಿಡಿಯುತ್ತದೆ ಅಷ್ಟೆ.

ಕಾನೂನಿನ ವಿಷಯವನ್ನೂ ತಿಳಿದಿರಿ. ನಮ್ಮ ಕಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಲವ್‌ಬರ್ಡ್ ವಿದೇಶಿ ಹಕ್ಕಿಯಾದ್ದರಿಂದ ಸಾಕಬಹುದು. ಆದರೆ ಫಿಶರ್ಸ್ ಮತ್ತು ಮಾಸ್ಕ್ಡ್ ಜಾತಿಗಳು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಅಂಥವನ್ನು ಸಾಕುವವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಪೀಚ್ ಫೇಸ್ ಆ ಅನುಬಂಧದಿಂದ ಹೊರಗಿದೆ. ಯಾವುದನ್ನು ಕೊಂಡರೂ ಬಿಲ್ ಕೇಳಿ ಪಡೆದು ಇಟ್ಟುಕೊಳ್ಳಿ.

ಹಕ್ಕಿ ಬರುವ ಮೊದಲೇ ಪಂಜರ ಸಿದ್ಧವಿರಲಿ

ಹಕ್ಕಿ ತಂದ ಮೇಲೆ ಪಂಜರ ಜೋಡಿಸಲು ಕೂತರೆ ಅದು ಡಬ್ಬಿಯೊಳಗೆ ಗಂಟೆಗಟ್ಟಲೆ ಒದ್ದಾಡುತ್ತದೆ. ಒಂದು ಜೋಡಿಗೆ ಕನಿಷ್ಠ 80 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ ಬೇಕು. ಪಂಜರದಲ್ಲಿ ಹಕ್ಕಿ ನೇರ ಮೇಲಕ್ಕಿಂತ ಅಡ್ಡಕ್ಕೇ ಹೆಚ್ಚು ಹಾರುತ್ತದೆ. ಆದ್ದರಿಂದ ಎತ್ತರಕ್ಕಿಂತ ಉದ್ದ ಮುಖ್ಯ. ಗುಂಡನೆಯ ಪಂಜರ ಬೇಡ. ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಅಂತರ ಬೇಡ, ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಸತು ಲೇಪಿಸಿದ ತಂತಿಯ ಪಂಜರವಾದರೆ ಮೊದಲು ವಿನೆಗರ್ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಲವ್‌ಬರ್ಡ್ ಕಂಬಿಯನ್ನು ಕಚ್ಚಿಕೊಂಡೇ ಹತ್ತಿ ಇಳಿಯುತ್ತದೆ. ಸತು ಹೊಟ್ಟೆಗೆ ಹೋದರೆ ವಿಷ. ಪಂಜರದ ಬಾಗಿಲನ್ನು ಮೇಲಕ್ಕೆತ್ತಿ ಹೊರಬರುವುದನ್ನೂ ಇದು ಬೇಗ ಕಲಿಯುತ್ತದೆ, ಅದಕ್ಕೊಂದು ಕ್ಲಿಪ್ ಹಾಕಿ.

ಪಂಜರದೊಂದಿಗೆ ಬರುವ ನುಣುಪಾದ ಪ್ಲಾಸ್ಟಿಕ್ ಕೋಲುಗಳನ್ನು ತೆಗೆದುಹಾಕಿ. ಒಂದೇ ದಪ್ಪದ ಕೋಲಿನ ಮೇಲೆ ಸದಾ ಕೂತರೆ ಪಾದ ಹುಣ್ಣಾಗುತ್ತದೆ. ಸೀಬೆ, ಬೇವು, ನುಗ್ಗೆ ಮರದ ಕೊಂಬೆಗಳು ಒಳ್ಳೆಯವು. ಬೆರಳಿನ ದಪ್ಪದಿಂದ ಹೆಬ್ಬೆರಳಿನ ದಪ್ಪದವರೆಗೆ ಬೇರೆ ಬೇರೆ ಗಾತ್ರದವು ಇರಲಿ. ತೊಗಟೆ ಸುಲಿಯುವುದೇ ಅದಕ್ಕೆ ಅರ್ಧ ದಿನದ ಆಟ. ಕಣಗಿಲೆ ಕೊಂಬೆ ಮಾತ್ರ ಬೇಡವೇ ಬೇಡ, ಗಿಡದ ಎಲ್ಲ ಭಾಗವೂ ವಿಷ. ನೀರಿನ ಬಟ್ಟಲ ನೇರ ಮೇಲೆ ಕೊಂಬೆ ಕಟ್ಟಬೇಡಿ, ಹಿಕ್ಕೆ ಬೀಳುತ್ತದೆ. ತಳಕ್ಕೆ ಹಳೆಯ ವೃತ್ತಪತ್ರಿಕೆ ಹಾಸಿ, ದಿನಾ ಬದಲಿಸಿ. ಹಿಕ್ಕೆಯ ಬಣ್ಣ ಬದಲಾದರೆ ಆ ಹಾಳೆಯ ಮೇಲೆ ಕಣ್ಣಿಗೆ ಬೀಳುತ್ತದೆ.

ಆಟಕ್ಕೆ ಅಡಿಕೆ ಹಾಳೆ ಇದ್ದರೆ ಬೇರೆ ಏನೂ ಬೇಡ. ಔಷಧಿ ಸಿಂಪಡಿಸದ ತೋಟದ ಹಾಳೆಯನ್ನು ತೊಳೆದು ಒಣಗಿಸಿ, ಅಂಗೈ ಅಗಲ ಕತ್ತರಿಸಿ ನೇತುಹಾಕಿ. ಲವ್‌ಬರ್ಡ್ ಅದನ್ನು ಅಂಚಿನಿಂದ ಪಟ್ಟಿ ಪಟ್ಟಿಯಾಗಿ ಸೀಳುವುದನ್ನು ನೋಡುವುದೇ ಸೊಗಸು. ಪೀಚ್ ಫೇಸ್ ಹೆಣ್ಣಾದರೆ ಸೀಳಿದ ಪಟ್ಟಿಯನ್ನು ತಿರುಗಿ ತನ್ನ ಸೊಂಟದ ಗರಿಗಳೊಳಗೆ ಸಿಕ್ಕಿಸಿಕೊಳ್ಳುತ್ತದೆ. ಕಾಡಿನಲ್ಲಿ ಗೂಡಿಗೆ ಸಾಮಾನು ಹೊರುವುದು ಹಾಗೆಯೇ. ಫಿಶರ್ಸ್ ಹಕ್ಕಿ ಕೊಕ್ಕಿನಲ್ಲಿ ಹೊರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ 1960ರ ಆಸುಪಾಸಿನಲ್ಲಿ ಈ ಎರಡು ಜಾತಿಗಳ ಮಿಶ್ರ ಮರಿಗಳನ್ನು ಗಮನಿಸಿದ್ದರು. ಅವು ಪಟ್ಟಿಯನ್ನು ಗರಿಗೆ ಸಿಕ್ಕಿಸಲು ಹೋಗಿ, ಆಗದೆ, ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದವು. ಎರಡು ಜಾತಿಗಳನ್ನು ಬೆರೆಸಿ ಮರಿ ಮಾಡಿಸಬೇಡಿ ಎನ್ನಲು ನನಗೆ ಆ ಚಿತ್ರವೊಂದೇ ಸಾಕು.

ನೂಲು ಎದ್ದ ಬಟ್ಟೆಯ ಆಟಿಕೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮುಖ್ಯ ಮಾತು: ಅಂಗಡಿಯವರು ಪಂಜರದ ಜೊತೆ ಕೊಡುವ ಮಣ್ಣಿನ ಮಡಕೆಯನ್ನು ಹಾಕಬೇಡಿ. ಮಡಕೆ ಎಂದರೆ ಗೂಡು. ಹೊಸ ಹಕ್ಕಿ ಇಡೀ ದಿನ ಅದರೊಳಗೆ ಅಡಗುತ್ತದೆ, ನಿಮ್ಮನ್ನು ನೋಡಿ ಕಲಿಯುವುದೇ ಇಲ್ಲ. ವಯಸ್ಸಿಗೆ ಬಂದ ಹೆಣ್ಣಾದರೆ ಮಡಕೆ ಕಾಯಲು ಶುರುಮಾಡಿ, ಹತ್ತಿರ ಬಂದ ಕೈಯನ್ನೆಲ್ಲ ಕಚ್ಚುತ್ತದೆ. ಲವ್‌ಬರ್ಡ್ ಮಲಗಲು ಗೂಡು ಬೇಕಿಲ್ಲ, ಕೊಂಬೆ ಸಾಕು.

ಪಂಜರವನ್ನು ಮನೆಯವರು ಓಡಾಡುವ ಕೋಣೆಯಲ್ಲಿ, ಒಂದು ಬದಿ ಗೋಡೆಗೆ ತಾಗಿಸಿ, ನಿಮ್ಮ ಎದೆ ಅಥವಾ ಕಣ್ಣಿನ ಎತ್ತರಕ್ಕೆ ಇಡಿ. ನಾಲ್ಕೂ ಕಡೆ ತೆರೆದಿದ್ದರೆ ಹಕ್ಕಿಗೆ ಬೆನ್ನು ಕಾಯುವ ಆತಂಕ. ಅಡುಗೆಮನೆ ಬೇಡ. ಬಾಲ್ಕನಿಯಲ್ಲಿ ರಾತ್ರಿ ಬಿಡಬೇಡಿ: ಬೆಕ್ಕು, ಇಲಿ ಎರಡೂ ಬರುತ್ತವೆ.

ಮೊದಲ ಮೂರು ದಿನ: ಸುಮ್ಮನಿರುವ ಕೆಲಸ

ಸಾಧ್ಯವಾದರೆ ಬೆಳಗ್ಗೆ ತನ್ನಿ, ಕತ್ತಲಾಗುವ ಮೊದಲು ಹೊಸ ಜಾಗ ನೋಡಿಕೊಳ್ಳಲು ಸಮಯ ಸಿಗುತ್ತದೆ. ಡಬ್ಬಿಯ ಬಾಯಿಯನ್ನು ಪಂಜರದ ಬಾಗಿಲಿಗೆ ಹಿಡಿದು ಕಾಯಿರಿ. ಐದು ನಿಮಿಷವಾಗಲಿ, ಅರ್ಧ ಗಂಟೆಯಾಗಲಿ, ತಾನಾಗಿ ಒಳಗೆ ಹೋಗಲಿ. ನಿಮ್ಮ ಕೈ ಅದಕ್ಕೆ ನೋವು ಕೊಡದ ವಸ್ತು ಎಂಬ ಪಾಠ ಶುರುವಾಗುವುದು ಅಲ್ಲಿಂದಲೇ.

ಆಮೇಲೆ ಕಾಳು, ನೀರು ಹಾಕುವುದು, ಹಾಳೆ ಬದಲಿಸುವುದು ಇಷ್ಟೇ. ನಿಧಾನವಾಗಿ ಚಲಿಸಿ, ಕೈ ಒಳಗಿಡುವ ಮೊದಲು ಮಾತನಾಡಿ. ನೆಂಟರು, ಪಕ್ಕದ ಮನೆ ಮಕ್ಕಳು ಎಲ್ಲರನ್ನೂ ಒಂದು ವಾರ ತಡೆಯಿರಿ. ಮೊದಲ ದಿನ ಹಕ್ಕಿ ಏನೂ ತಿನ್ನದಂತೆ ಕಾಣಬಹುದು. ಒಬ್ಬರೂ ಇಲ್ಲದಾಗ ತಿನ್ನುತ್ತದೆ. ಕಾಳಿನ ಸಿಪ್ಪೆ ಬಿದ್ದಿದೆಯೇ, ಹಿಕ್ಕೆ ಇದೆಯೇ ನೋಡಿ. ಒಂದು ಪೂರ್ತಿ ದಿನ ಕಳೆದರೂ ಎರಡೂ ಇಲ್ಲವಾದರೆ ಪಶುವೈದ್ಯರ ಬಳಿಗೆ ಹೋಗಬೇಕು.

ರಾತ್ರಿ 10–12 ಗಂಟೆಗಳ ಕಾಲ ಕತ್ತಲು, ನಿಶ್ಶಬ್ದ ಬೇಕು. ಪಂಜರದ ಮೂರು ಬದಿಗೆ ತೆಳು ಹತ್ತಿಬಟ್ಟೆ ಹೊದಿಸಿ. ತಡರಾತ್ರಿಯವರೆಗೆ ಟಿವಿ ಉರಿಯುವ ಕೋಣೆಯಲ್ಲಿಟ್ಟ ಹಕ್ಕಿ ನಿದ್ದೆಗೆಟ್ಟು ಸಿಡುಕುತ್ತದೆ, ಅದನ್ನು ಪಳಗಿಸುವುದು ಎರಡು ಪಟ್ಟು ಕಷ್ಟ.

ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಹೊಸದನ್ನು 30ರಿಂದ 45 ದಿನ ಬೇರೆ ಕೋಣೆಯಲ್ಲೇ ಇಡಬೇಕು. ಹಳೆಯ ಹಕ್ಕಿಗಳ ಕೆಲಸ ಮೊದಲು, ಹೊಸದರದ್ದು ಕೊನೆಗೆ, ನಡುವೆ ಸೋಪಿನಿಂದ ಕೈ ತೊಳೆಯಿರಿ. ಕೊಕ್ಕು ಮತ್ತು ಗರಿಗಳನ್ನು ಕೊಳೆಸುವ ವೈರಸ್ ರೋಗ ಲವ್‌ಬರ್ಡ್‌ಗಳಲ್ಲಿ ಲಕ್ಷಣವಿಲ್ಲದೆಯೂ ಇರಬಲ್ಲದು.

ತಿನಿಸು: ನವಣೆ ತೆನೆಯ ಶಕ್ತಿ

ಒಂದು ಹಕ್ಕಿಗೆ ದಿನಕ್ಕೆ ಒಂದೂವರೆಯಿಂದ ಎರಡು ಟೀ ಚಮಚ ಕಾಳು ಸಾಕು. ನವಣೆ, ಬರಗು, ಸಾಮೆ, ಸಜ್ಜೆಯ ಮಿಶ್ರಣ ಚೆನ್ನ. ಸ್ವಲ್ಪ ಕುಸುಬೆ ಸೇರಿಸಬಹುದು. ಸಿರಿಧಾನ್ಯ ಬೆಳೆಯುವ ನಾಡಿನಲ್ಲಿರುವ ನಮಗೆ ಇದು ದೊಡ್ಡ ಅನುಕೂಲ. ಹೊರದೇಶಗಳಲ್ಲಿ ಹಕ್ಕಿ ಪಳಗಿಸಲು ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಳ್ಳುವ ‘ಸ್ಪ್ರೇ ಮಿಲೆಟ್’ ನಮ್ಮ ನವಣೆ ತೆನೆಯೇ. ಬಳ್ಳಾರಿ, ಕೊಪ್ಪಳ, ಚಿತ್ರದುರ್ಗದ ಕಡೆ ಪರಿಚಯದ ರೈತರಿದ್ದರೆ ಸುಗ್ಗಿಯಲ್ಲಿ ಒಂದು ಕಟ್ಟು ತೆನೆ ತರಿಸಿ, ಬಿಸಿಲಿಗೊಣಗಿಸಿ, ಗಾಳಿಯಾಡದ ಡಬ್ಬದಲ್ಲಿಡಿ. ಪಳಗಿಸಲು ಇದಕ್ಕಿಂತ ದೊಡ್ಡ ಆಯುಧವಿಲ್ಲ. ಆದ್ದರಿಂದಲೇ ತೆನೆಯನ್ನು ಪಂಜರದೊಳಗೆ ಸುಮ್ಮನೆ ನೇತುಹಾಕಬೇಡಿ. ಅದು ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ಅಂಗಡಿಯಲ್ಲಿ ಸಿಗುವ ಸಿಪ್ಪೆ ತೆಗೆದ ನವಣೆ ಅಕ್ಕಿಗಿಂತ ಸಿಪ್ಪೆಯಿರುವ ಕಾಳು ಉತ್ತಮ. ಸೂರ್ಯಕಾಂತಿ ಬೀಜ ಕೊಬ್ಬಿನದು, ದಿನಕ್ಕೆ ನಾಲ್ಕೈದು ಸಾಕು.

ಬರೀ ಕಾಳು ತಿಂದ ಹಕ್ಕಿಗೆ ಎ ಜೀವಸತ್ವ ಮತ್ತು ಸುಣ್ಣದ ಅಂಶ ಸಾಲುವುದಿಲ್ಲ. ನುಗ್ಗೆಸೊಪ್ಪು, ಕೊತ್ತಂಬರಿ, ಮೆಂತ್ಯೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಹುರುಳಿಕಾಯಿ, ಮೊಳಕೆ ಹೆಸರುಕಾಳು ಇವುಗಳಲ್ಲಿ ಒಂದೆರಡನ್ನು ದಿನಾ ಬೆಳಗ್ಗೆ ಕೊಡಿ. ಸೊಪ್ಪನ್ನು ಉಪ್ಪುನೀರಿನಲ್ಲಿ ಅದ್ದಿ, ಮತ್ತೆ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಿರಿ. ಹಸಿಮೆಣಸಿನಕಾಯಿಯನ್ನೂ ಖುಷಿಯಿಂದ ತಿನ್ನುತ್ತದೆ, ಹಕ್ಕಿಗಳಿಗೆ ಖಾರ ತಾಗುವುದಿಲ್ಲ. ಹೊಸ ತರಕಾರಿಯನ್ನು ಮೊದಲ ವಾರ ಮುಟ್ಟದಿರಬಹುದು. ಸಣ್ಣಗೆ ಹೆಚ್ಚಿ, ಒದ್ದೆ ಎಲೆಯನ್ನು ಕಂಬಿಗೆ ಸಿಕ್ಕಿಸಿ, ಇಡುತ್ತಲೇ ಇರಿ. ಇಟ್ಟು ನಾಲ್ಕು ಗಂಟೆ ಕಳೆದ ಮೇಲೆ ಉಳಿದದ್ದನ್ನು ತೆಗೆದುಬಿಡಿ. ಪಂಜರದಲ್ಲಿ ಸಮುದ್ರನೊರೆಯ (ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆ) ತುಂಡೊಂದು ಸದಾ ಇರಲಿ.

ಕೊಡಬಾರದ್ದು: ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಕುರುಕಲು, ಸೇಬಿನ ಬೀಜ. ಕೊಡಗಿನ ಕಡೆಯ ಓದುಗರು ಬೆಣ್ಣೆಹಣ್ಣನ್ನು ವಿಶೇಷವಾಗಿ ನೆನಪಿಡಬೇಕು. ಮನುಷ್ಯರಿಗೆ ಪುಷ್ಟಿಕರವಾದ ಆ ಹಣ್ಣಿನಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಯ ಹೃದಯವನ್ನು ನಿಲ್ಲಿಸಬಲ್ಲದು, ಸ್ವಲ್ಪವೇ ಸಾಕು.

ಬಟ್ಟಲು ತುಂಬಿದೆ ಎಂದು ನಂಬಬೇಡಿ. ಲವ್‌ಬರ್ಡ್ ಕಾಳನ್ನು ಒಡೆದು ಒಳಗಿನದನ್ನು ತಿಂದು ಸಿಪ್ಪೆಯನ್ನು ಬಟ್ಟಲಲ್ಲೇ ಬಿಡುತ್ತದೆ. ದೂರದಿಂದ ನೋಡಿದರೆ ತುಂಬಿದಂತೆಯೇ ಕಾಣುತ್ತದೆ. ದಿನಾ ಬಟ್ಟಲನ್ನು ಬಾಯಿಂದ ಊದಿ ನೋಡಿ. ನೀರು ದಿನಕ್ಕೆರಡು ಸಲ ಹೊಸದು. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಅದರ ಜೀವಕ್ಕೆ ಅಪಾಯ.

ಪಳಗಿಸುವ ಹಂತಗಳು

ಕೆಳಗೆ ಕೊಟ್ಟಿರುವ ದಿನಗಳ ಲೆಕ್ಕ ಅಂದಾಜು ಮಾತ್ರ. ಮುಂದಿನ ಹಂತಕ್ಕೆ ಹೋಗಬೇಕಾದದ್ದು ಕ್ಯಾಲೆಂಡರ್ ನೋಡಿ ಅಲ್ಲ, ಹಕ್ಕಿಯ ಮೈ ನೋಡಿ. ಗರಿಗಳೆಲ್ಲ ಮೈಗೆ ಅಂಟಿ, ಕುತ್ತಿಗೆ ಉದ್ದವಾಗಿ, ಕಣ್ಣು ಮಿಟುಕಿಸದೆ ನಿಂತರೆ ಅದು ಭಯ. ತಲೆ ತಗ್ಗಿಸಿ, ಮುಂದಕ್ಕೆ ಬಾಗಿ, ಕೊಕ್ಕು ತೆರೆದರೆ ‘ಹತ್ತಿರ ಬಂದರೆ ಕಚ್ಚುತ್ತೇನೆ’ ಎಂದರ್ಥ. ಒಂದು ಕಾಲು ಮಡಚಿಕೊಂಡು, ಕೆನ್ನೆಯ ಗರಿ ತುಸು ಉಬ್ಬಿಸಿ, ಕೊಕ್ಕನ್ನು ಕರಕರ ತೇಯುತ್ತಿದ್ದರೆ ನೆಮ್ಮದಿಯಾಗಿದೆ. ನಿಮ್ಮ ಮುಂದೆಯೇ ಗರಿ ತಿದ್ದಿಕೊಂಡರೆ, ತಿಂದರೆ, ನೀವು ಅಪಾಯವಲ್ಲ ಎಂದು ಅದು ತೀರ್ಮಾನಿಸಿದೆ.

ಮೊದಲ ಹಂತ, ನಾಲ್ಕನೇ ದಿನದಿಂದ: ದಿನಕ್ಕೆ ಎರಡು ಸಲ, ಹದಿನೈದು ನಿಮಿಷ ಪಂಜರದ ಪಕ್ಕ ಕೂರಿ. ನೇರ ದಿಟ್ಟಿಸಬೇಡಿ, ಎರಡೂ ಕಣ್ಣು ನೆಟ್ಟು ನೋಡುವುದು ಬೇಟೆಯಾಡುವ ಪ್ರಾಣಿಗಳ ರೀತಿ. ಪಕ್ಕಕ್ಕೆ ತಿರುಗಿ ಪತ್ರಿಕೆಯನ್ನು ಮೆಲ್ಲಗೆ ಓದಿ, ಹಾಡು ಗುನುಗಿ. ಒಂದು ಹೆಸರಿಟ್ಟು ಅದೇ ಧ್ವನಿಯಲ್ಲಿ ಕರೆಯಿರಿ.

ಎರಡನೇ ಹಂತ: ನವಣೆ ತೆನೆಯನ್ನು ಕಂಬಿಗಳ ನಡುವಿನಿಂದ ತೂರಿಸಿ ಹಿಡಿಯಿರಿ. ಉದ್ದ ತೆನೆ ಇರಲಿ, ಕೈಗೂ ಹಕ್ಕಿಗೂ ನಡುವೆ ಅಂತರವಿರುತ್ತದೆ. ಬಾರದಿದ್ದರೆ ಎರಡು ನಿಮಿಷದಲ್ಲಿ ತೆಗೆದುಬಿಡಿ, ಬೆನ್ನಟ್ಟಬೇಡಿ. ಬೆಳಗ್ಗೆ ಕಾಳು ಹಾಕುವ ಮೊದಲಿನ ಹೊತ್ತು ಒಳ್ಳೆಯದು, ಆಗ ಹಸಿವಿರುತ್ತದೆ. ಆದರೆ ಪಳಗಿಸಲೆಂದು ಉಪವಾಸ ಕೆಡವುವುದು ತಪ್ಪು. ಇಷ್ಟು ಚಿಕ್ಕ ದೇಹದಲ್ಲಿ ಕೂಡಿಟ್ಟ ಶಕ್ತಿ ಬಹಳ ಕಡಿಮೆ.

ಮೂರನೇ ಹಂತ: ಬಾಗಿಲು ತೆರೆದು ತೆನೆ ಹಿಡಿದ ಕೈಯನ್ನು ಒಳಗಿಟ್ಟು, ಅಲುಗಾಡದೆ ಇರಿ. ತೋಳು ನೋಯುತ್ತದೆ, ಮೊಣಕೈಗೆ ದಿಂಬಿಡಿ. ಕೈಗವಸು ಹಾಕಬೇಡಿ, ಅದು ಅಭ್ಯಾಸವಾಗಬೇಕಾದದ್ದು ನಿಮ್ಮ ಬೆರಳಿಗೆ. ದಿನದಿಂದ ದಿನಕ್ಕೆ ತೆನೆಯನ್ನು ಗಿಡ್ಡ ಹಿಡಿಯಿರಿ.

ನನ್ನ ಎರಡನೇ ಹಕ್ಕಿಯ ವಿಷಯದಲ್ಲಿ ಈ ಹಂತ ಹದಿನೆಂಟನೇ ದಿನದವರೆಗೆ ಎಳೆಯಿತು. ಅಂದು ಬೆಳಗ್ಗೆ ಅದು ಕೊಂಬೆಯ ತುದಿಯವರೆಗೆ ಬಂತು, ಹಿಂದೆ ಹೋಯಿತು, ಮತ್ತೆ ಬಂತು. ಕುತ್ತಿಗೆ ಚಾಚಿ ಒಂದೇ ಒಂದು ಕಾಳು ಕಿತ್ತು, ಓಡಿ ಹೋಗಿ ಮೂಲೆಯಲ್ಲಿ ತಿಂದಿತು. ಸಿಪ್ಪೆ ತೇಲಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಏಳೆಂಟು ಸಲ ಹೀಗೆಯೇ. ನಂತರ ಓಡುವುದನ್ನು ಬಿಟ್ಟು ಅಲ್ಲೇ ನಿಂತು ತಿಂದಿತು. ಕೊನೆಗೆ ತೆನೆಯ ಬುಡದ ಕಾಳು ಎಟುಕದಾಗ, ಒಂದು ಕಾಲನ್ನೆತ್ತಿ ನನ್ನ ತೋರುಬೆರಳ ಮೇಲಿಟ್ಟಿತು. ಆ ಪಾದ ಬೆಚ್ಚಗಿತ್ತು, ಒಣಗಿತ್ತು, ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಉಸಿರು ಬಿಗಿಹಿಡಿದಿದ್ದೆ. ಇನ್ನೊಂದು ಕಾಲು ಕೊಂಬೆಯ ಮೇಲೆಯೇ ಇತ್ತು, ಬೇಕಾದರೆ ಹಿಂದಕ್ಕೆ ಹೋಗುವ ದಾರಿ ಅದು. ಆ ಕಾಲನ್ನೂ ಇಡಲಿ ಎಂದು ನೀವು ಬೆರಳನ್ನು ಎತ್ತಿದರೆ ಎರಡು ವಾರದ ಕೆಲಸ ಹಾಳು. ಅದು ತಾನಾಗಿ ಇಡಲಿ.

ನಾಲ್ಕನೇ ಹಂತ, ಬೆರಳು ಹತ್ತಿಸುವುದು: ತೆನೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ತೋರುಬೆರಳನ್ನು ಅದರ ಮುಂದೆ, ಕಾಲಿನ ಸ್ವಲ್ಪ ಮೇಲೆ, ಹೊಟ್ಟೆಯ ಕೆಳಭಾಗಕ್ಕೆ ತಾಗುವಂತೆ ಅಡ್ಡಲಾಗಿ ಹಿಡಿಯಿರಿ. ‘ಹತ್ತು’ ಎಂದು ಒಂದೇ ಸಲ ಹೇಳಿ. ಹತ್ತಿದ ಕೂಡಲೇ ಎರಡು ಕಾಳು, ‘ಜಾಣ’ ಎಂಬ ಮಾತು. ಇಳಿಸುವಾಗ ಕೊಂಬೆಯ ಹತ್ತಿರ ಒಯ್ದು ‘ಇಳಿ’ ಎನ್ನಿ. ಮನೆಯವರೆಲ್ಲ ಇದೇ ಪದಗಳನ್ನು ಬಳಸಬೇಕು. ಒಮ್ಮೆಗೆ ಐದಾರು ಸಲ, ಐದು ನಿಮಿಷ. ಹಕ್ಕಿ ಚೆನ್ನಾಗಿ ಮಾಡಿದಾಗಲೇ ಪಾಠ ನಿಲ್ಲಿಸಿ, ಬೇಸರ ಬಂದ ಮೇಲಲ್ಲ.

ತಲೆ ಸವರುವುದು ಇದೆಲ್ಲದರ ನಂತರ. ಹಕ್ಕಿ ತಲೆ ತಗ್ಗಿಸಿ ಕತ್ತಿನ ಗರಿ ಎಬ್ಬಿಸಿದರೆ ಅದು ಕೇಳುತ್ತಿದೆ. ಕೆನ್ನೆ, ಕಿವಿಯ ಸುತ್ತ, ಕತ್ತು ಇಷ್ಟೇ ಸವರಿ. ಬೆನ್ನು, ಬಾಲದ ಬುಡ ಸವರುವುದು ಅದಕ್ಕೆ ಜೊತೆಗಾರನ ಸ್ಪರ್ಶ. ಬೆದೆಗೆ ತಂದು, ಆಮೇಲೆ ಸಿಡುಕು, ಅನವಶ್ಯಕ ಮೊಟ್ಟೆ ಎರಡನ್ನೂ ತರುತ್ತದೆ.

ಕಚ್ಚಿದಾಗ

ಕಚ್ಚುತ್ತದೆ. ರಕ್ತ ಬರುವಷ್ಟು ಕಚ್ಚಬಲ್ಲ ಕೊಕ್ಕು ಅದು. ಕೂಗಬೇಡಿ, ಕೈ ಝಾಡಿಸಬೇಡಿ, ಮುಖಕ್ಕೆ ಊದಬೇಡಿ, ಕೊಕ್ಕಿಗೆ ತಟ್ಟಬೇಡಿ. ಕೂಗಿದರೆ ಅದಕ್ಕೊಂದು ಆಟ ಸಿಕ್ಕಂತೆ. ಕೈ ಕಿತ್ತುಕೊಂಡರೆ, ‘ಕಚ್ಚಿದರೆ ಕೈ ಹೋಗುತ್ತದೆ’ ಎಂದು ಕಲಿಯುತ್ತದೆ. ಸಾಧ್ಯವಾದಷ್ಟು ಅಲುಗಾಡದೆ ಹತ್ತಿರದ ಕೊಂಬೆಗೆ ಇಳಿಸಿ, ಎರಡು ನಿಮಿಷ ಬೇರೆ ಕಡೆ ನೋಡಿ. ಆಮೇಲೆ ಯೋಚಿಸಿ: ಕಚ್ಚುವ ಮೊದಲು ಅದು ಏನು ಹೇಳಿತ್ತು? ಬಹುತೇಕ ಸಲ ಬಾಗಿ, ಕೊಕ್ಕು ತೆರೆದು ಎಚ್ಚರಿಸಿರುತ್ತದೆ, ನಾವು ನೋಡಿರುವುದಿಲ್ಲ. ಮರಿಗಳು ಬೆರಳನ್ನು ಮೆಲ್ಲಗೆ ಕಚ್ಚಿ ನೋಡುವುದು ಬೇರೆ. ಅದು ರುಚಿ, ಗಟ್ಟಿತನ ಪರೀಕ್ಷಿಸುವ ರೀತಿ. ಆಗ ಒಂದು ಕಡ್ಡಿ ಕೊಟ್ಟು ಗಮನ ತಿರುಗಿಸಿ.

ಒಂದೋ, ಜೋಡಿಯೋ?

ಒಂಟಿ ಲವ್‌ಬರ್ಡ್ ಕೊರಗಿ ಸಾಯುತ್ತದೆ ಎಂಬ ಮಾತು ಹಾಗೆಯೇ ನಿಜವಲ್ಲ. ದಿನಕ್ಕೆ ಎರಡು ಮೂರು ಗಂಟೆ ಜೊತೆ ಕೊಡಬಲ್ಲ ಮನೆಯಲ್ಲಿ ಒಂಟಿ ಹಕ್ಕಿ ಸುಖವಾಗಿರುತ್ತದೆ, ಬೇಗ ಪಳಗುತ್ತದೆ. ಎಲ್ಲರೂ ಬೆಳಗ್ಗೆ ಹೋಗಿ ರಾತ್ರಿ ಬರುವ ಮನೆಯಾದರೆ ಜೋಡಿಯೇ ನ್ಯಾಯ. ಜೋಡಿ ನಿಧಾನವಾಗಿ ಪಳಗುತ್ತದೆ. ಧೈರ್ಯವಂತ ಹಕ್ಕಿ ತೆನೆಗೆ ಬಂದರೆ ಇನ್ನೊಂದು ನೋಡಿ ಕಲಿಯುತ್ತದೆ. ನನ್ನ ಸಲಹೆ, ಮೊದಲು ಒಂದನ್ನು ಪಳಗಿಸಿ, ಆಮೇಲೆ ಇನ್ನೊಂದನ್ನು ತನ್ನಿ. ನಮ್ಮಲ್ಲಿ ಸಿಗುವ ಈ ಮೂರು ಜಾತಿಗಳಲ್ಲಿ ಗಂಡು ಹೆಣ್ಣು ಹೊರನೋಟಕ್ಕೆ ತಿಳಿಯುವುದಿಲ್ಲ, ಡಿಎನ್ಎ ಪರೀಕ್ಷೆಯೇ ಖಚಿತ. ಹೆಣ್ಣು ಗಂಡಿಲ್ಲದೆಯೂ ಮೊಟ್ಟೆಯಿಡಬಹುದು. ಬಜ್ರಿಗರ್, ಫಿಂಚ್‌ಗಳ ಪಂಜರದಲ್ಲಿ ಲವ್‌ಬರ್ಡ್ ಬಿಡಬೇಡಿ; ಅವುಗಳ ಕಾಲ್ಬೆರಳು ಕತ್ತರಿಸಿಹಾಕುತ್ತದೆ.

ಕಾಯಿಲೆಯ ಮೊದಲ ಸುಳಿವು

ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಆದ್ದರಿಂದ ಒಂದು ಗ್ರಾಂ ನಿಖರತೆಯ ಅಡುಗೆ ತಕ್ಕಡಿ ಕೊಳ್ಳಿ. ಬೆರಳು ಹತ್ತುವುದನ್ನು ಕಲಿತ ಮೇಲೆ ವಾರಕ್ಕೆರಡು ಬೆಳಗ್ಗೆ ತೂಗಿ ಬರೆದಿಡಿ. 50 ಗ್ರಾಂ ಹಕ್ಕಿ 45ಕ್ಕಿಳಿದರೆ ನೋಡಲು ಏನೂ ವ್ಯತ್ಯಾಸ ಕಾಣದು, ಆದರೆ ಅದು ವೈದ್ಯರ ಬಳಿ ಹೋಗಬೇಕಾದ ಸ್ಥಿತಿ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಪಂಜರದ ತಳದಲ್ಲಿ ಕೂರುವುದು, ಹಗಲಿಡೀ ಗರಿ ಉಬ್ಬಿಸಿರುವುದು, ಹೆಣ್ಣು ತಿಣುಕುತ್ತ ಮೊಟ್ಟೆ ಬಾರದೆ ನರಳುವುದು: ಇವಕ್ಕೆ ನಾಳೆಯವರೆಗೆ ಕಾಯುವಂತಿಲ್ಲ. ಹೊರಡುವವರೆಗೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹೊರಗಿನಿಂದ ಬಲ್ಬಿನ ಕಾವು ಕೊಟ್ಟು ಸುಮಾರು 30 ಡಿಗ್ರಿ ಬೆಚ್ಚಗಿಡಿ. ಹಕ್ಕಿ ನೋಡುವ ಪಶುವೈದ್ಯರು ಎಲ್ಲ ಊರಲ್ಲೂ ಇಲ್ಲ. ಯಾರಿದ್ದಾರೆಂದು ಹಕ್ಕಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ಸಂಖ್ಯೆ ಬರೆದಿಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಅಂಗಡಿಗಳಲ್ಲಿ ನೀರಿಗೆ ಬೆರೆಸಲು ಕೊಡುವ ಹಳದಿ ಆ್ಯಂಟಿಬಯೊಟಿಕ್ ಪುಡಿಯನ್ನು ಅಂದಾಜಿಗೆ ಹಾಕಬೇಡಿ. ಗಿಳಿಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಬರಬಹುದು. ಪಂಜರದ ಒಣ ಹಿಕ್ಕೆಯನ್ನು ಗುಡಿಸುವ ಬದಲು ಒದ್ದೆ ಮಾಡಿ ಒರೆಸಿ, ಕೈ ತೊಳೆಯಿರಿ.

ಪಂಜರದಿಂದ ಹೊರಗೆ

ಬೆರಳು ಹತ್ತುವುದು ಪಂಜರದೊಳಗೆ ನಿಶ್ಚಿತವಾದ ಮೇಲೆಯೇ ಹೊರಗೆ ಬಿಡಿ. ಸೀಲಿಂಗ್ ಫ್ಯಾನ್ ಆರಿಸಿ, ಫ್ಯಾನಿನ ರೆಕ್ಕೆ ಪೂರ್ತಿ ನಿಂತ ಮೇಲೆ ಪಂಜರದ ಬಾಗಿಲು ತೆರೆಯಿರಿ. ನಮ್ಮ ಮನೆಗಳಲ್ಲಿ ಹಾರುವ ಹಕ್ಕಿಗೆ ಅತಿ ದೊಡ್ಡ ಅಪಾಯ ಫ್ಯಾನು. ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪ್ ಅಂಟಿಸುವುದು ನನ್ನ ರೂಢಿ. ಯಾರೋ ಒಳಬಂದು ಅಭ್ಯಾಸಬಲದಿಂದ ಹಾಕಿಬಿಡುವುದು ತಪ್ಪುತ್ತದೆ. ಕಿಟಕಿ ಮುಚ್ಚಿ, ಗಾಜಿಗೆ ಪರದೆ ಎಳೆಯಿರಿ, ಕನ್ನಡಿಗೆ ಬಟ್ಟೆ ಹಾಕಿ, ನೀರು ತುಂಬಿದ ಬಕೆಟ್ ಮುಚ್ಚಿ. ನಾನ್‌ಸ್ಟಿಕ್ ಕಾವಲಿ ಅತಿಯಾಗಿ ಕಾದರೆ ಹೊರಡುವ ಹೊಗೆ ಕಣ್ಣಿಗೆ ಕಾಣದು, ಮನುಷ್ಯರಿಗೆ ತಿಳಿಯದು, ಹಕ್ಕಿ ಮಾತ್ರ ನಿಮಿಷಗಳಲ್ಲಿ ಸಾಯುತ್ತದೆ; ಹಕ್ಕಿಯಿರುವ ಮನೆಗೆ ಕಬ್ಬಿಣದ ಕಾವಲಿಯೇ ಸರಿ. ಸೊಳ್ಳೆಬತ್ತಿ, ಸಾಂಬ್ರಾಣಿ, ಊದಿನಕಡ್ಡಿ, ಕೀಟನಾಶಕ ಸ್ಪ್ರೇ ಹಕ್ಕಿಯ ಕೋಣೆಯಲ್ಲಿ ಬೇಡ. ದೀಪಾವಳಿಯ ರಾತ್ರಿಗಳಲ್ಲಿ ಒಳಕೋಣೆಗೆ ಪಂಜರ ಸಾಗಿಸಿ, ಮಂದ ದೀಪವೊಂದನ್ನು ಉರಿಸಿಡಿ. ಕತ್ತಲಲ್ಲಿ ಸದ್ದಿಗೆ ಬೆದರಿ ಕಂಬಿಗೆ ಬಡಿದುಕೊಳ್ಳುತ್ತವೆ.

ರೆಕ್ಕೆಯ ಗರಿ ಕತ್ತರಿಸಿದರೆ ಬೇಗ ಪಳಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾರಿ ಹೋಗಬಲ್ಲ ಹಕ್ಕಿ ನಿಮ್ಮ ಕೈಗೆ ಬಂದರೆ ಮಾತ್ರ ಅದು ಬಂದದ್ದು. ಆದರೆ ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲಾಚೆ ಹೋಗುವ ತಪ್ಪು ಎಂದೂ ಬೇಡ. ಎಷ್ಟೇ ಪಳಗಿದ್ದರೂ ಒಂದು ಹಾರ್ನ್ ಸದ್ದಿಗೆ ಎದ್ದು ಹಾರಿದರೆ ಕಾಗೆಗಳ ಬಾಯಿಗೆ.

ಮೊದಲ ದಿನ ಹೊರಬಂದ ಹಕ್ಕಿ ಪರದೆಯ ಸರಳಿನ ಮೇಲೆ ಹೋಗಿ ಕೂತುಬಿಡುತ್ತದೆ. ಟವೆಲ್ ಹಿಡಿದು ಅಟ್ಟಾಡಿಸಬೇಡಿ. ಹೊರಗೆ ಬಿಡುವುದನ್ನು ಸದಾ ಊಟದ ಮೊದಲೇ, ಕತ್ತಲಾಗಲು ಒಂದು ಗಂಟೆ ಇರುವಾಗ ಇಟ್ಟುಕೊಳ್ಳಿ. ಪಂಜರದ ಬಾಗಿಲು ತೆರೆದಿಟ್ಟು, ಒಳಗೆ ಹೊಸ ಕಾಳು ಹಾಕಿ ಬಟ್ಟಲನ್ನು ಉಗುರಿನಿಂದ ಎರಡು ಸಲ ತಟ್ಟಿ. ಆ ಸದ್ದನ್ನು ಪ್ರತಿ ಸಲ ಕಾಳು ಹಾಕುವಾಗಲೂ ಮೊದಲ ವಾರದಿಂದಲೇ ಮಾಡುತ್ತಾ ಬನ್ನಿ. ನಮ್ಮ ಮನೆಯದು ಈಗಲೂ ಆ ಸದ್ದು ಕೇಳಿದರೆ ಸರಳಿನಿಂದ ತಲೆ ಓರೆ ಮಾಡಿ ನೋಡುತ್ತದೆ, ಒಮ್ಮೆ ರೆಕ್ಕೆ ಕೊಡವಿ, ನೇರ ಬಂದು ಬಾಗಿಲ ಮೇಲಿಳಿಯುತ್ತದೆ. ಕೆಲವು ದಿನ ಬಾಗಿಲಿಗೆ ಬದಲು ತೆನೆ ಹಿಡಿದ ನನ್ನ ಮಣಿಕಟ್ಟಿಗೆ.